ಕೀರಲಕ್ಕನ ಹುಡುಗ

ಆ ಹೆಂಗಸಿನ ಗಂಟಲಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಠಿಕಾಣಿ ಹೂಡಿ ಹದಿನಾಲ್ಕು ವರ್ಷವಾಗಿತ್ತು. ಅವಳಿಗೆ ಐವತ್ತಾರಾಯಿತು, ಮಂಡಿ ಸವೆಯಿತು, ಮೇಲಿನ ಎರಡು ಹಲ್ಲು ಕಟ್ಟಿಸಿದ್ದೂ ಆಯಿತು. ಹುಡುಗ ಮಾತ್ರ ಹನ್ನೊಂದರಲ್ಲೇ ನಿಂತಿದ್ದ. ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕೀರಲಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಗೇಟಿನ ಕಾವಲುಗಾರನ ರಿಜಿಸ್ಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಪರದೆಯ ಮೇಲಂತೂ ಇಲ್ಲವೇ ಇಲ್ಲ. ಧ್ವನಿ ಕೊಟ್ಟವರ ಹೆಸರು ಹಾಕಲು ಜಾಗ ಸಾಲುವುದಿಲ್ಲ ಎಂದು ಮಾಲೀಕ ಹೇಳುತ್ತಿದ್ದ. ಅವನ ಹೆಂಡತಿ, ಮಾವ, ಮಾವನ ತಮ್ಮ ಇವರ ಹೆಸರುಗಳ ಸರದಿ ಬಂದಾಗ ಅದೇ ಪರದೆ ಅಂಗಳದಷ್ಟು ಅಗಲವಾಗುತ್ತಿತ್ತು.

ಅವಳ ಮೊದಲ ಕೆಲಸ ಬಸ್ ನಿಲ್ದಾಣದಲ್ಲಿ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಳೆದುಹೋಗಿದೆ ಎಂದು ಮೈಕಿನಲ್ಲಿ ಕೂಗಿ ಹೇಳಬೇಕು. ಆಗ ಅವಳಿಗೆ ಇಪ್ಪತ್ತೊಂಬತ್ತು, ದನಿಗೆ ಒಂಬತ್ತು. ಯಾವನೋ ಪ್ರಯಾಣಿಕ ‘ಸಣ್ಣ ಮಕ್ಕಳ ಕೈಲಿ ದುಡಿಸುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ’ ಎಂದು ಮೇಲಿನವರಿಗೆ ದೂರು ಬರೆದ. ಮೇಲಧಿಕಾರಿ ಅವಳನ್ನು ಕರೆಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ಕೆಲಸದಿಂದ ತೆಗೆದ. ದೂರು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ದೂರಿಗೆ ಉತ್ತರ ಬರೆದು ಕೂರುವುದಕ್ಕಿಂತ ಅವಳನ್ನು ತೆಗೆಯುವುದು ಸಲೀಸು. ಹಾಗೆ ಬೀದಿಗೆ ಬಿದ್ದವಳು ಜಾಹೀರಾತಿನಲ್ಲಿ ಅಳುವ ಕೂಸಾದಳು, ಕಾರ್ಟೂನಿನಲ್ಲಿ ಇಲಿಯಾದಳು, ಅಳಿಲಾದಳು, ಎರಡು ವರ್ಷ ಮಾತಾಡುವ ಹಲ್ಲುಜ್ಜುವ ಬ್ರಷ್ಷಾಗಿಯೂ ಬದುಕಿದಳು.

ನಲವತ್ತೆರಡರಲ್ಲಿ ಹುಡುಗ ಸಿಕ್ಕಿದ. ಜಪಾನಿನ ಒಂದು ಮಾಂಗಾ. ಬಲದಿಂದ ಎಡಕ್ಕೆ ಓದುವ ಚಿತ್ರಕಥೆಯ ಪುಸ್ತಕ, ಒಂದರ ಹಿಂದೆ ಒಂದು ಬರುತ್ತಲೇ ಇತ್ತು. ಅದರಿಂದ ಮಾಡಿದ ಅನಿಮೆ, ಅಂದರೆ ಅಲ್ಲಿಯ ಕಾರ್ಟೂನ್ ಸರಣಿ, ನಮ್ಮ ಭಾಷೆಗೆ ಡಬ್ ಆಗಬೇಕಿತ್ತು. ಕಥೆಯಲ್ಲಿ ಒಬ್ಬ ಹುಡುಗ ಮಾಂತ್ರಿಕನ ಹತ್ತಿರ ವಿದ್ಯೆ ಕಲಿಯಲು ಸೇರುತ್ತಾನೆ. ಅಲ್ಲಿಯ ಮಂತ್ರಕ್ಕೆ ಒಂದು ಕಟ್ಟಳೆ. ಒಂದು ಸಲ ಮಂತ್ರ ಹಾಕಿದರೆ ಹಾಕಿದವನ ಬಾಯಿಂದ ಒಂದು ಪದ ಹೊರಟುಹೋಗುತ್ತದೆ. ಮತ್ತೆ ಅದನ್ನು ಅವನು ಆಡಲಾರ. ಮೊದಲ ಮಂತ್ರಕ್ಕೆ ‘ಉಪ್ಪು’ ಹೋಯಿತು. ನೆರೆ ನಿಲ್ಲಿಸಿದ್ದಕ್ಕೆ ‘ಹಗ್ಗ’. ಗುರುವಿನ ಜ್ವರ ಇಳಿಸಿದ್ದಕ್ಕೆ ‘ಅಮ್ಮ’.

ಅನಿಮೆ ಮಾಡುವವರು ಓಡಿದರು, ಪುಸ್ತಕ ಬರೆಯುವವನು ನಡೆದ. ಒಂದು ಹಂತದಲ್ಲಿ ಪುಸ್ತಕ ಹಿಂದೆ ಬಿತ್ತು, ಸರಣಿ ಮುಂದೆ ಹೋಗಿ ನಿಂತಿತು. ಮುಂದೇನು ಎಂದು ಗೊತ್ತಿಲ್ಲದೆ ಅಲ್ಲಿಯವರು ತಾವೇ ಒಂದು ಕೊನೆ ಹೊಸೆದರು. ಕೊನೆಯ ಕಂತಿನಲ್ಲಿ ಕಳೆದ ಪದಗಳೆಲ್ಲ ಹುಡುಗನಿಗೆ ವಾಪಸ್ಸು ಬರುತ್ತವೆ, ಅವನು ಬೆಟ್ಟದ ಮೇಲೆ ನಿಂತು ಒಂದೊಂದನ್ನೇ ಕೂಗುತ್ತಾನೆ. “ಉಪ್ಪು. ಹಗ್ಗ. ಮೊಣಕೈ. ಬೂದಿ. ಮೊನ್ನೆ. ಅಮ್ಮ.” ಒಟ್ಟು ತೊಂಬತ್ತು ಸೆಕೆಂಡು. ಆ ತೊಂಬತ್ತು ಸೆಕೆಂಡು ಕೀರಲಕ್ಕನ ಆಸ್ತಿಯಾಯಿತು. ಮದುವೆ ಮನೆಯಲ್ಲಿ ಹೇಳಿಸಿದರು, ಶಾಲೆಯಲ್ಲಿ ಹೇಳಿಸಿದರು. ಹಲ್ಲಿನ ವೈದ್ಯನಂತೂ ಕುರ್ಚಿಯಲ್ಲಿ ಮಲಗಿಸಿ, “ಬಾಯಿ ಮರಗಟ್ಟೋ ಮುಂಚೆ ಒಂದ್ಸಲ ಹೇಳಿಬಿಡಿ ಅಮ್ಮ, ನನ್ನ ಮಗ ಕೇಳ್ತಾನೆ” ಎಂದು ಫೋನು ಹಿಡಿದ. ಹೇಳಿದಳು. ಆಮೇಲೆ ಕಿತ್ತ.

ಹುಡುಗ ಬಂದ ವರ್ಷವೇ ಮನೆಗೆ ಒಬ್ಬ ಹುಡುಗಿಯೂ ಬಂದಳು. ಕೀರಲಕ್ಕನ ತಂಗಿ ಎರಡನೇ ಮದುವೆ ಮಾಡಿಕೊಂಡಳು. ಹೊಸ ಗಂಡನಿಗೆ ಹೆಂಡತಿ ಬೇಕಾಗಿತ್ತು, ಹೆಂಡತಿಯ ಏಳು ವರ್ಷದ ಮಗಳು ಬೇಡವಾಗಿತ್ತು. “ನಾಲ್ಕು ದಿನ ಇಟ್ಕೊಂಡಿರು ಅಕ್ಕ” ಎಂದು ಬಿಟ್ಟುಹೋದವಳು ಆ ನಾಲ್ಕು ದಿನವನ್ನು ಎಣಿಸಲು ಮರೆತಳು. ಕೀರಲಕ್ಕ ಮಗುವಿಗೆ ಹೊಡೆಯಲಿಲ್ಲ, ಮುದ್ದಿಸಲೂ ಇಲ್ಲ. ಸ್ಟುಡಿಯೋಗೆ ಕರೆದುಕೊಂಡು ಹೋಗಿ ರೆಕಾರ್ಡಿಂಗ್ ಕೋಣೆಯ ಗಾಜಿನಾಚೆ ಮೂಲೆಯಲ್ಲಿ ಕೂರಿಸಿದಳು. ಕಥೆ ತಿಳಿದುಕೊಳ್ಳಲೆಂದು ಜಪಾನಿನವರು ಕಳಿಸಿದ ಮಾಂಗಾ ಪುಸ್ತಕಗಳು ಅಲ್ಲಿ ಮೂಟೆಗಟ್ಟಲೆ ಬಿದ್ದಿದ್ದವು. ಯಾರೂ ಅವನ್ನು ತೆರೆಯುತ್ತಿರಲಿಲ್ಲ. ಡಬ್ಬಿಂಗ್‌ನವರಿಗೆ ಕಥೆ ಬೇಕಿಲ್ಲ. ಪರದೆಯ ಮೇಲೆ ಅರ್ಧ ನಿಮಿಷದ ತುಂಡು ಬರುತ್ತದೆ, ತುಟಿ ಆಡುತ್ತದೆ, ಅಷ್ಟಕ್ಕೆ ಮಾತು ತುಂಬಿದರೆ ಮುಗಿಯಿತು. ಹುಡುಗಿ ಮೊದಲು ಚಿತ್ರ ನೋಡಿದಳು, ದೊಡ್ಡವಳಾದ ಮೇಲೆ ಫೋನಿನಲ್ಲಿ ಅನುವಾದ ಹುಡುಕಿ ಓದಿದಳು. ಸರಣಿ ಮುಗಿದು ಎಷ್ಟೋ ವರ್ಷದ ಮೇಲೆ ಪುಸ್ತಕವೂ ಮುಗಿಯಿತು. ಅದನ್ನೂ ಓದಿದಳು.

“ದೊಡ್ಡಮ್ಮ, ಪುಸ್ತಕದಲ್ಲಿ ಕೊನೆ ಹಿಂಗಿಲ್ಲ” ಎಂದು ಒಮ್ಮೆ ಹೇಳಲು ಬಂದಳು.

“ಪುಸ್ತಕ ತಗೊಂಡ್ಹೋಗಿ ನೀರೊಲೆಗೆ ಹಾಕು. ಜನ ನೋಡಿದ್ದು ನನ್ನನ್ನ, ಪುಸ್ತಕಾನಲ್ಲ.”

“ಜನ ನಿನ್ನನ್ನ ನೋಡಿಲ್ಲ ದೊಡ್ಡಮ್ಮ, ಕೇಳಿದಾರೆ.”

“ಬಾಯಿ ಮುಚ್ಚು.”

ಅಲ್ಲಿಗೆ ಆ ಮಾತು ನಿಂತಿತು. ಹುಡುಗಿ ಮತ್ತೆ ಎತ್ತಲಿಲ್ಲ.

ಹುಡುಗಿಗೆ ಇಪ್ಪತ್ತೊಂದು ತುಂಬಿದ ವರ್ಷ ಜಪಾನಿನಲ್ಲಿ ಅದೇ ಮಾಂಗಾವನ್ನು ಮೊದಲಿನಿಂದ ಮತ್ತೆ ಅನಿಮೆ ಮಾಡಿದರು. ಹೊಸ ಚಿತ್ರ, ಹೊಸ ಸಂಗೀತ, ಮೂವತ್ತಾರು ಕಂತು. ನಮ್ಮ ಭಾಷೆಗೆ ಡಬ್ ಮಾಡುವ ಕೆಲಸ ಇದೇ ಸ್ಟುಡಿಯೋಗೆ ಬಂತು. ಕೀರಲಕ್ಕ ಬೆಳಗಿನಿಂದಲೇ ಬಿಸಿನೀರು ಕುಡಿಯಲು ಶುರುಮಾಡಿದಳು. ಹುಡುಗ ತನ್ನವನು, ಆ ಕೊನೆಯ ತೊಂಬತ್ತು ಸೆಕೆಂಡೂ ತನ್ನದು. ಅದನ್ನು ಇನ್ನೊಮ್ಮೆ ಹೇಳದೆ ಈ ಕೆಲಸ ಬಿಡುವವಳಲ್ಲ ತಾನು ಎಂದು ಸ್ಟುಡಿಯೋ ತುಂಬಾ ಸಾರಿದಳು.

ಡಬ್ಬಿಂಗ್ ನಿರ್ದೇಶಕನನ್ನು ತುಟಿ ಮೇಷ್ಟ್ರು ಎನ್ನುತ್ತಿದ್ದರು. ಮೂವತ್ತು ವರ್ಷ ಬರೀ ಪಾತ್ರಗಳ ತುಟಿ ನೋಡಿ ನೋಡಿ, ಎದುರಿಗೆ ಮನುಷ್ಯರು ಮಾತಾಡಿದರೂ ಅವನು ಕಣ್ಣು ನೋಡುತ್ತಿರಲಿಲ್ಲ. ಅವನು ಮೂರು ದನಿಗಳ ಮಾದರಿ ತೆಗೆದು, ಹೆಸರಿಲ್ಲದೆ ಬರೀ ನಂಬರು ಹಾಕಿ ಜಪಾನಿಗೆ ಕಳಿಸಿದ. ಒಂದು, ಕೀರಲಕ್ಕನದು. ಎರಡು, ಹೊರಗಿನಿಂದ ಬಂದವಳದು. ಮೂರನೆಯದು ಹುಡುಗಿಯದು. “ಸುಮ್ನೆ ಲೆಕ್ಕ ತುಂಬಿಸೋಕೆ, ಮೂರು ಇರ್ಬೇಕಂತೆ” ಎಂದು ಅವನೇ ಅವಳನ್ನು ಮೈಕಿನ ಮುಂದೆ ನಿಲ್ಲಿಸಿದ್ದ.

ವಾರದ ಮೇಲೆ ಉತ್ತರ ಬಂತು. ಮೇಷ್ಟ್ರು ಕೀರಲಕ್ಕನ ತುಟಿಯನ್ನೇ ನೋಡುತ್ತ ಹೇಳಿದ. “ಮೂರನೇದು.”

“ಒಂದನೇದಕ್ಕೆ ಏನಾಗಿದ್ಯಂತೆ?”

“ಹೇಳ್ಲಾ?”

“ಹೇಳಿ ಮೇಷ್ಟ್ರೇ, ನನಗೇನು.”

“ಹುಡುಗನಿಗೆ ಮಂಡಿ ನೋವು ಬಂದ ಹಂಗಿದೆಯಂತೆ.”

ಗಾಜಿನಾಚೆ ಕೂತಿದ್ದ ರೆಕಾರ್ಡಿಂಗ್‌ನವನು, ದಿನವಿಡೀ ಗುಂಡಿ ಒತ್ತುತ್ತಾನೆಂದು ಅವನಿಗೆ ಗುಂಡಿಯಣ್ಣ ಎಂದೇ ಹೆಸರು, ನಗು ತಡೆಯಲಾರದೆ ಮೇಜಿನ ಕೆಳಗೆ ತಂತಿ ಹುಡುಕುವವನಂತೆ ಬಗ್ಗಿದ. ಕೀರಲಕ್ಕನೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕು, “ಹೋಗ್ಲಿ ಬಿಡಿ, ಮನೇಲೇ ಉಳೀತಲ್ಲ. ನಾನೇ ಕಲಿಸ್ತೀನಿ ಅವಳಿಗೆ” ಎಂದಳು. ಮೇಷ್ಟ್ರು ಅವಳಿಗೆ ಗುಂಪಿನ ದನಿ ಕೊಟ್ಟ. ಒಂದೇ ಮೈಕಿನ ಸುತ್ತ ನಾಲ್ಕು ಜನ ನಿಂತು ಊರಿನವರ ಹಾಗೆ “ಓಡ್ರೋ, ಬಂತು ಬಂತು” ಎಂದು ಅರಚುವ ಕೆಲಸ. ಮೈಕಿನ ಹತ್ತಿರ ನಿಂತವರ ದನಿ ಎದ್ದು ಕೇಳುತ್ತದೆಂದು ಅವಳನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿದರು. “ಕೀರಲಕ್ಕ, ಊರಲ್ಲಿ ಒಬ್ಬಳೇ ಸಾಯ್ತಿರೋ ಹಂಗೆ ಕೂಗ್ಬೇಡಿ, ಎಲ್ಲರ ಜೊತೆ ಸಾಯಿರಿ” ಎಂದು ಗುಂಡಿಯಣ್ಣ ಹೆಡ್‌ಫೋನಿನಲ್ಲಿ ಹೇಳಿದ.

ಮನೆಯಲ್ಲಿ ಪಾಠ ಶುರುವಾಯಿತು. ಅಡುಗೆಮನೆ ಮತ್ತು ಹಜಾರದ ನಡುವೆ ಬಾಗಿಲಿಲ್ಲದ ಒಂದು ಚೌಕಟ್ಟು. ಅದಕ್ಕೆ ಬೆನ್ನು ಕೊಟ್ಟು ಹುಡುಗಿ ನಿಲ್ಲಬೇಕು.

ಹೆಂಗಸರ ಬಾಯಲ್ಲಿ ಹುಡುಗನ ದನಿ ಹೇಗೆ ಹೊರಡುತ್ತದೆಂದು ಕೀರಲಕ್ಕನಿಗಿಂತ ಚೆನ್ನಾಗಿ ಬಲ್ಲವರು ಆ ಕಸುಬಿನಲ್ಲಿ ಇರಲಿಲ್ಲ. ಗಂಟಲು ಸಡಿಲ ಬಿಡಬೇಕು, ಕೆನ್ನೆ ಎತ್ತಿ ನಗುಮುಖ ಮಾಡಬೇಕು, ಉಸಿರನ್ನು ಹೊಕ್ಕಳ ಕೆಳಗಿನಿಂದ ಎತ್ತಬೇಕು. ಕಿರುಚುವಾಗಲಂತೂ ಗಂಟಲನ್ನು ಮುಟ್ಟಲೇಬಾರದು. ಅರ್ಧ ಗಂಟೆಗೊಮ್ಮೆ ಗುಟುಕು ಬಿಸಿನೀರು ಬೇಕೇ ಬೇಕು. ಹೀಗೆ ಮಾಡಿದ್ದಕ್ಕೇ ಹದಿನಾಲ್ಕು ವರ್ಷ ಅವಳ ಗಂಟಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹುಡುಗಿಗೆ ಅವಳು ಇದೆಲ್ಲದರ ತದ್ವಿರುದ್ಧ ಕಲಿಸಿದಳು.

“ಗಂಟಲು ಹಿಂಡು. ಬಟ್ಟೆ ಹಿಂಡ್ತೀಯಲ್ಲ, ಹಂಗೆ.”

“ನೀನು ಹೊಟ್ಟೆಯಿಂದ ತೆಗೀತಿದ್ದೆ ಅಲ್ವಾ ದೊಡ್ಡಮ್ಮ? ಚಿಕ್ಕವಳಿದ್ದಾಗ ನಿನ್ನ ಹೊಟ್ಟೆ ಮೇಲೆ ಕೈಯಿಟ್ಟು ನೋಡ್ತಿದ್ದೆ.”

“ಅದು ನನ್ನ ಹೊಟ್ಟೆ. ನಿನಗೆಲ್ಲಿದೆ ಹೊಟ್ಟೆ, ಬೆನ್ನಿಗೆ ಅಂಟ್ಕೊಂಡಿದೆ. ಹಿಂಡು ಅಂದೆ.”

ಹುಡುಗಿ ಹಿಂಡಿದಳು. ದನಿ ಸೂಜಿಯ ಹಾಗೆ ಹೊರಬಂತು.

“ನೀರು ಕುಡೀಲಾ?”

“ಕುಡೀಬೇಡ, ದನಿ ದಪ್ಪ ಆಗುತ್ತೆ.”

“ನೋಯ್ತಿದೆ.”

“ನೋಯ್ಲಿ. ನೋವಾಯ್ತು ಅಂದ್ರೆ ಹುಡುಗ ಒಳಗೆ ಬಂದ ಅಂತ.”

ಇದನ್ನವಳು ಸಿಟ್ಟಿನ ಭರದಲ್ಲಿ ಮಾಡಲಿಲ್ಲ. ಸಿಟ್ಟಿನದಾಗಿದ್ದರೆ ಎರಡು ದಿನಕ್ಕೆ ಆರುತ್ತಿತ್ತು. ಐದು ತಿಂಗಳು, ವಾರಕ್ಕೆ ನಾಲ್ಕು ದಿನ, ಸೊಪ್ಪು ಸೋಸುತ್ತ, ಪಾತ್ರೆ ಒರೆಸುತ್ತ, ಶಾಂತವಾಗಿ ಕೂತು ಮಾಡಿದಳು. ಹುಡುಗಿ ಬೆಳಗ್ಗೆ ಎದ್ದು ಕೆಮ್ಮಿದರೆ ಕಿವಿಗೊಟ್ಟು ಕೇಳುತ್ತಿದ್ದಳು. ದನಿಯ ಅಂಚು ಎಲ್ಲಿ ಬಿರಿಯುತ್ತಿದೆ, ಇನ್ನೆಷ್ಟು ದಿನ ಬಾಳೀತು ಎಂಬುದು ಅವಳಿಗೆ ಕೆಮ್ಮಿನಲ್ಲೇ ತಿಳಿಯುತ್ತಿತ್ತು. ಅವಳ ಎಣಿಕೆ ಇದು: ಇಪ್ಪತ್ತು ಕಂತು ದಾಟುವುದರೊಳಗೆ ಗಂಟಲು ಕೈಕೊಡಬೇಕು. ಕೊನೆಯ ಕಂತು ತನ್ನ ಮಡಿಲಿಗೆ ಬೀಳಬೇಕು. ಈ ಎಣಿಕೆಯಲ್ಲಿ ಮೊದಲನೆಯ ಸರಣಿಯ ಬೆಟ್ಟ ಇತ್ತು, ಕೂಗು ಇತ್ತು, ತೊಂಬತ್ತು ಸೆಕೆಂಡು ಇತ್ತು. ಪುಸ್ತಕ ಇರಲಿಲ್ಲ.

ಹುಡುಗಿ ಅವಳು ಅಂದುಕೊಂಡದ್ದಕ್ಕಿಂತ ನಾಲ್ಕು ಕಂತು ಹೆಚ್ಚು ಬಾಳಿದಳು. ಇಪ್ಪತ್ನಾಲ್ಕನೆಯದರಲ್ಲಿ ಹುಡುಗ ತನ್ನ ದೊಡ್ಡ ಮಂತ್ರ ಹಾಕುವ ತುಂಡು. ಉದ್ದನೆಯ ಒಂದು ಚೀರು. ಗುಂಪಿನವರೆಲ್ಲ ಗಾಜಿನಾಚೆ ತಮ್ಮ ಸರದಿಗೆ ಕಾಯುತ್ತಿದ್ದರು. ಮೇಷ್ಟ್ರು ಏಳು ಸಲ ತೆಗೆಸಿದ. “ಇನ್ನೂ ಸ್ವಲ್ಪ. ತುಟಿ ಇನ್ನೂ ತೆರೆದೇ ಇದೆ ನೋಡಮ್ಮ, ಉಸಿರು ಬಿಡಬೇಡ.” ಎಂಟನೆಯ ಸಲ ಚೀರಿನ ನಡುವೆ ಏನೋ ಹರಿಯಿತು. ಹಳೆಯ ಸೀರೆ ಹರಿದಂಥ ಸದ್ದು. ಹುಡುಗಿ ಎರಡೂ ಕೈಯಿಂದ ಕತ್ತು ಹಿಡಿದುಕೊಂಡು ಮೈಕಿನ ಕಂಬಕ್ಕೆ ಆತುಕೊಂಡಳು.

“ಆಹಾ!” ಎಂದು ಮೇಷ್ಟ್ರು ತೊಡೆ ತಟ್ಟಿದ. “ಇದು! ಇದು ಬೇಕಿತ್ತು ನನಗೆ! ಗುಂಡಿ, ಬಂತಾ?”

“ಬಂತು ಮೇಷ್ಟ್ರೇ, ನೀಟಾಗಿ ಬಂತು.”

“ಅಳಿಸ್ಬೇಡ, ಇದನ್ನೇ ಇಡು. ಹತ್ತು ನಿಮಿಷ ಟೀ.”

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಕೀರಲಕ್ಕ ತನ್ನ ಟೀ ಲೋಟ ಹಿಡಿದು ಅವಳ ಹತ್ತಿರ ಹೋಗಿ, “ಏನಾಯ್ತೇ?” ಎಂದಳು. ಏನಾಯಿತೆಂದು ಆ ಇಡೀ ಕಟ್ಟಡದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ಗಂಟಲಿನ ವೈದ್ಯೆ ಮೂಗಿನೊಳಗೆ ಸಣ್ಣ ಕೊಳವೆ ಇಳಿಸಿ ಪರದೆಯಲ್ಲಿ ತೋರಿಸಿದಳು. ದನಿಯ ಎರಡು ಎಳೆಗಳಲ್ಲಿ ಒಂದರ ಮೇಲೆ ರಕ್ತ ಕಟ್ಟಿತ್ತು. ಎರಡರಲ್ಲೂ ಗಂಟು. ಮೂರು ತಿಂಗಳು ಒಂದೇ ಒಂದು ಮಾತು ಆಡಕೂಡದು, ಪಿಸುಮಾತೂ ಇಲ್ಲ. ಮಾತು ಬರುತ್ತದೆ, ಆದರೆ ಎತ್ತರದ ದನಿ ಬರುವ ಭರವಸೆ ತಾನು ಕೊಡುವುದಿಲ್ಲ ಎಂದಳು.

“ಹೀಗೆ ಕಿರುಚೋಕೆ ಯಾರಮ್ಮ ಹೇಳಿಕೊಟ್ಟಿದ್ದು ನಿನಗೆ?”

ಹುಡುಗಿಯ ತೋರುಬೆರಳು ತೊಡೆಯ ಮೇಲಿಂದ ಅರ್ಧ ಎದ್ದಿತು. ಅಷ್ಟರಲ್ಲಿ ಕೀರಲಕ್ಕ ಬಾಯಿ ಹಾಕಿದಳು. “ಈಗಿನ ಮಕ್ಕಳು ಯಾರ ಮಾತು ಕೇಳ್ತವೆ ಡಾಕ್ಟ್ರೇ? ನೀರು ಕುಡಿ, ಹೊಟ್ಟೆಯಿಂದ ಮಾತಾಡು ಅಂತ ಬಡ್ಕೊಂಡೆ. ಇವಳಿಗೆ ಹೆಸರು ಮಾಡೋ ಆತುರ.”

ಹುಡುಗಿ ದೊಡ್ಡಮ್ಮನ ಮುಖ ನೋಡಿದಳು. ನೀರು, ಹೊಟ್ಟೆ. ಅವಳಿಗೆ ಆ ಎರಡು ಪದ ಸಾಕಾಯಿತು. ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು.

ಮರುದಿನ ಮೇಷ್ಟ್ರ ಫೋನು. “ಉಳಿದ ಹನ್ನೆರಡು ಕಂತು ನೀನೇ ಮಾಡ್ತೀಯಾ ಕೀರಲಕ್ಕ?”

“ಕೊನೇದೂ ಸೇರಿ?”

“ಕೊನೇದೂ ಸೇರಿ.”

“ಜಪಾನಿನವರು ಮಂಡಿ ನೋವು ಅಂದಿದ್ರಲ್ಲ?”

“ಅವರಿಗೆ ನಾನು ಹೇಳಿದೀನಿ, ಒಪ್ಪಿದಾರೆ. ಬಾ ನೀನು.”

ಆಮೇಲಿನ ಹದಿನೈದು ದಿನ ಕೀರಲಕ್ಕನಿಗೆ ಮಂಡಿ ಇದೆಯೆಂಬುದೇ ಮರೆತುಹೋಯಿತು. ಗುನುಗುತ್ತ ನೆಲ ಒರೆಸಿದಳು. ಸಂಜೆಯಾದರೆ ಹುಡುಗಿ ನಿಲ್ಲುತ್ತಿದ್ದ ಅದೇ ಚೌಕಟ್ಟಿಗೆ ತಾನು ಬೆನ್ನು ಕೊಟ್ಟು, ಕೆನ್ನೆ ಎತ್ತಿ, ಹೊಟ್ಟೆಯಿಂದ ಉಸಿರೆಳೆದು ತೊಂಬತ್ತು ಸೆಕೆಂಡನ್ನೂ ಹೇಳುತ್ತಿದ್ದಳು. “ಉಪ್ಪು. ಹಗ್ಗ. ಮೊಣಕೈ.” ಎದುರಿಗೆ ಹಾಸಿಗೆಯ ಮೇಲೆ ಕೂತ ಹುಡುಗಿ ಮೊಣಕಾಲು ತಬ್ಬಿಕೊಂಡು ಕೇಳುತ್ತಿದ್ದಳು. ಹುಡುಗಿಯ ಕಣ್ಣೆದುರೇ ಸರಿಯಾದ ರೀತಿಯಲ್ಲಿ ಉಸಿರೆಳೆಯಲು ಕೀರಲಕ್ಕನಿಗೆ ಈಗ ಅಂಜಿಕೆಯಿರಲಿಲ್ಲ. ಕಲಿತು ಹುಡುಗಿ ಮಾಡುವುದಾದರೂ ಏನು?

“ಹೆಂಗಿತ್ತೇ?”

ಹುಡುಗಿ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು. ‘ಚೆನ್ನಾಗಿದೆ ದೊಡ್ಡಮ್ಮ. ಇನ್ನೊಂದ್ಸಲ ಹೇಳು.’

ಇನ್ನೊಂದು ಸಲ ಹೇಳಿದಳು. ದಿನಾ ಹೇಳಿಸಿಕೊಂಡಳು ಹುಡುಗಿ.

ಸ್ಟುಡಿಯೋದಲ್ಲಿ ಕೀರಲಕ್ಕ ಮೈಕಿನ ಎತ್ತರವನ್ನು ತನ್ನ ಬಾಯಿಗೆ ಸರಿಯಾಗಿ ಇಳಿಸಿಕೊಂಡಳು. ಹುಡುಗಿ ಅವಳಿಗಿಂತ ಗೇಣುದ್ದ ಎತ್ತರ. ಸ್ಟ್ಯಾಂಡಿನ ಮೇಲೆ ಮಾತಿನ ಹಾಳೆಗಳನ್ನು ನೋಡಿದರೆ ಎರಡೇ ಎರಡು.

“ಗುಂಡಿಯಣ್ಣ, ಇದೇನು ಎರಡೇ ಹಾಳೆ? ಉಳಿದದ್ದು ಪ್ರಿಂಟ್ ಹಾಕಿಲ್ವಾ?”

“ಅಷ್ಟೇ ಅಕ್ಕ.”

“ಈ ಕಂತಿಗೆ ಅಷ್ಟೇನಾ?”

“ಹನ್ನೆರಡಕ್ಕೂ ಸೇರಿಸಿ.”

ಓದಿದಳು. ‘ಉಸಿರು.’ ‘ಓಡುವಾಗ ಉಸಿರು.’ ‘ಉಗುಳು ನುಂಗುವುದು.’ ‘ಚಳಿಯಲ್ಲಿ ಉಸಿರು.’ ‘ಪೆಟ್ಟು ಬಿದ್ದಾಗ ಉಸಿರು.’ ಎರಡು ಹಾಳೆಯ ತುಂಬ ಇದೇ.

ಮೇಷ್ಟ್ರು ತಿಳಿಹೇಳಿದ. “ದೊಡ್ಡ ಮಂತ್ರಕ್ಕೆ ಉಳಿದ ಮಾತೆಲ್ಲ ಒಟ್ಟಿಗೆ ಹೋಗ್ಬಿಡುತ್ತೆ ಹುಡುಗನಿಗೆ. ಅಲ್ಲಿಂದ ಕೊನೇ ತನಕ ಮೂಗ. ಜಪಾನಿನ ಉಸಿರನ್ನೇ ಉಳಿಸ್ಕೊಂಡ್ರೆ ನಮ್ಮ ದನಿಗೆ ಕೂಡಲ್ಲ, ಅದಕ್ಕೆ ಒಬ್ಬರು ಬೇಕಿತ್ತು. ಉಸಿರಿಗೆ ವಯಸ್ಸು ಗೊತ್ತಾಗಲ್ಲ ನೋಡು, ನೀನಾದ್ರೂ ನಡೆಯುತ್ತೆ ಅಂದೆ ಅವರಿಗೆ.”

“ಕೊನೇ ಕಂತಲ್ಲಿ ಬೆಟ್ಟ ಇದೆಯಲ್ಲ ಮೇಷ್ಟ್ರೇ. ಪದ ಎಲ್ಲ ವಾಪಸ್ ಬರುತ್ತಲ್ಲ. ನನ್ನ ಮಾತು.”

“ಅದು ಹಳೇದ್ರಲ್ಲಿ. ಇದು ಪುಸ್ತಕ ಹೆಂಗಿದೆಯೋ ಹಂಗೆ. ಪುಸ್ತಕದಲ್ಲಿ ಒಂದೂ ಬರಲ್ಲ.”

“ನಿಮ್ಮ ಹುಡುಗಿ ಹೇಳಿಲ್ವಾ ಅಕ್ಕ?” ಎಂದ ಗುಂಡಿಯಣ್ಣ. “ಅವಳಿಗೆ ಪುಸ್ತಕ ಪೂರ್ತಿ ಬಾಯಿಪಾಠ. ಅವಳೇ ನಗ್ತಿದ್ಲು, ನನಗೆ ಇಪ್ಪತ್ನಾಲ್ಕೇ ಕಂತು, ಆಮೇಲೆ ರಜಾ ಅಂತ.”

ಕೀರಲಕ್ಕ ಹಾಳೆಗಳನ್ನು ಮತ್ತೆ ಸ್ಟ್ಯಾಂಡಿಗೆ ಸಿಕ್ಕಿಸಿದಳು. ಆರು ದಿನ ಉಸಿರಾಡಿದಳು. ಓಡಿದಳು, ನಡುಗಿದಳು, ನುಂಗಿದಳು. ಏಳನೆಯ ದಿನ ಕೊನೆಯ ಕಂತು. ಪರದೆಯ ಮೇಲೆ ಬೆಟ್ಟ ಬಂತು. ಹೊಸ ಚಿತ್ರ, ಅದೇ ಬೆಟ್ಟ. ಹುಡುಗ ನೋಡುವವರಿಗೆ ಬೆನ್ನು ತಿರುಗಿಸಿ ನಿಂತಿದ್ದ. ಗಾಳಿಗೆ ಅಂಗಿ ಹಾರುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಡಬ್ಬಿಂಗ್‌ನವರಿಗೆ ಬೆನ್ನು ತಿರುಗಿಸಿದ ಪಾತ್ರವೆಂದರೆ ಬಿಟ್ಟಿ ಸಿಕ್ಕ ಜಾಗ. ತುಟಿ ಕಾಣದಿದ್ದಮೇಲೆ ಎಷ್ಟು ಮಾತು ಬೇಕಾದರೂ ತುರುಕಬಹುದು, ಮೂಲದಲ್ಲಿ ಇಲ್ಲದ್ದನ್ನೂ. ಹಾಳೆಯಲ್ಲಿ ಬರೆದದ್ದು ‘ಉಸಿರು, ನಿಧಾನವಾಗಿ’ ಎಂದಷ್ಟೇ.

ಕೀರಲಕ್ಕ ಕೆನ್ನೆ ಎತ್ತಿದಳು. “ಉಪ್ಪು” ಎಂದಳು.

ಯಾರೂ ತಡೆಯಲಿಲ್ಲ.

“ಹಗ್ಗ. ಮೊಣಕೈ. ಬೂದಿ.” ದನಿ ಬಂದಿತ್ತು. ನಿಜಕ್ಕೂ ಬಂದಿತ್ತು. ಮಂಡಿಯಿಲ್ಲ, ಕಟ್ಟಿಸಿದ ಹಲ್ಲಿಲ್ಲ, ಹನ್ನೊಂದು ವರ್ಷದ ಹುಡುಗ ಆ ಕತ್ತಲ ಪೆಟ್ಟಿಗೆಯಂಥ ಕೋಣೆಯ ನಟ್ಟನಡುವೆ ನಿಂತಿದ್ದ. ಗಾಜಿನಾಚೆ ಮೇಷ್ಟ್ರು ಅಲುಗಾಡದೆ ಕೂತಿದ್ದ. ಗುಂಡಿಯಣ್ಣನ ಕೈ ಗುಂಡಿಗಳ ಮೇಲಿತ್ತು. ಅವರ ಹಿಂದೆ ಗುಂಪಿನ ಮೂವರು ನಿಂತಿದ್ದರು. ಅವರಲ್ಲೊಬ್ಬಳು ಬಾಯಿಗೆ ಸೆರಗು ಹಿಡಿದಿದ್ದಳು. ಅಳುತ್ತಿದ್ದಾಳೆಂದು ಕೀರಲಕ್ಕ ತಿಳಿದಳು. ಇನ್ನೂ ಚೆನ್ನಾಗಿ ಹೇಳಿದಳು. “ಮೊನ್ನೆ. ಅಮ್ಮ.” ಕೊನೆಯ ಪದಕ್ಕೆ ಸರಿಯಾಗಿ ಚಿತ್ರವೂ ಮುಗಿಯಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಹೆಡ್‌ಫೋನಿನಲ್ಲಿ ಮೇಷ್ಟ್ರ ದನಿ ಬಂತು. “ಮುಗೀತಾ?”

“ಹೆಂಗಿತ್ತು ಮೇಷ್ಟ್ರೇ? ಇಟ್ಕೊಳ್ಳಿ ಇದನ್ನ. ತುಟಿ ಕಾಣಲ್ಲ, ಜಪಾನಿನವರಿಗೆ ಏನು ಗೊತ್ತಾಗುತ್ತೆ? ಜನ ಹುಚ್ಚೆದ್ದು ನೋಡ್ತಾರೆ.”

“ಏನನ್ನ ಇಟ್ಕೊಳ್ಳೋದು? ಗುಂಡಿ, ರೆಕಾರ್ಡಿಂಗ್ ಆನ್ ಇತ್ತಾ?”

“‘ಉಪ್ಪು’ ಅಂದಾಗ್ಲೇ ಆಫ್ ಮಾಡ್ದೆ ಮೇಷ್ಟ್ರೇ.”

ಸೆರಗು ಹಿಡಿದಿದ್ದವಳು ಈಗ ಮುಚ್ಚುಮರೆಯಿಲ್ಲದೆ ನಕ್ಕಳು.

“ಹೇಳ್ಕೊಂಡ್ಯಲ್ಲ, ಸಮಾಧಾನ ಆಯ್ತಲ್ಲ?” ಎಂದ ಮೇಷ್ಟ್ರು. “ಈಗ ಉಸಿರು ಕೊಡು. ನಿಧಾನವಾಗಿ.”

ಕೊಟ್ಟಳು. ಮೊದಲನೆಯ ಸಲವೇ ಸರಿಹೋಯಿತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹುಡುಗಿ ಕಿಟಕಿಯ ಹತ್ತಿರ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಕೀರಲಕ್ಕ ಚಪ್ಪಲಿ ಬಿಡದೆ ಒಳಗೆ ಬಂದು ಅವಳೆದುರು ನಿಂತಳು.

“ನಿನಗೆ ಗೊತ್ತಿತ್ತು. ದಿನಾ ನನ್ನ ಕೈಲಿ ಹೇಳಿಸಿ ಹೇಳಿಸಿ ಕೇಳಿದೆ. ಅಲ್ಲಿ ಮಾತೇ ಇಲ್ಲ ಅಂತ ಒಂದು ಸಲ ಹೇಳೋಕೆ ಏನಾಗಿತ್ತೇ ನಿನಗೆ ದೊಡ್ಡ ರೋಗ?”

ಹುಡುಗಿ ಕತ್ತರಿ ಕೆಳಗಿಟ್ಟಳು. ಫೋನು ತೆಗೆದು ಅವಸರವಿಲ್ಲದೆ ಟೈಪ್ ಮಾಡಿ, ದೊಡ್ಡಮ್ಮನಿಗೆ ಕನ್ನಡಕವಿಲ್ಲದೆ ಕಾಣುವಷ್ಟು ಅಕ್ಷರ ದೊಡ್ಡದು ಮಾಡಿ, ಅವಳ ಮೂಗಿನ ಮುಂದೆ ಹಿಡಿದಳು.

‘ಮಾತಾಡಬಾರದು ಅಂತ ಡಾಕ್ಟ್ರು ಹೇಳಿದ್ರಲ್ಲ.’

ಕೀರಲಕ್ಕ ಅದನ್ನು ಎರಡು ಸಲ ಓದಿದಳು. ಕೈ ಎತ್ತಿದಳು. ಹುಡುಗಿ ಕದಲಲಿಲ್ಲ, ಕೆನ್ನೆಯನ್ನು ಸ್ವಲ್ಪ ಮುಂದೆಯೇ ಚಾಚಿದಳು. ಎತ್ತಿದ ಕೈಯಿಂದ ಕೀರಲಕ್ಕ ಗೋಡೆ ಹಿಡಿದುಕೊಂಡು, ಒಂದೊಂದೇ ಕಾಲಿನಿಂದ ಚಪ್ಪಲಿ ಕಳಚಿ, ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟಳು. ಆಮೇಲೆ ಇಬ್ಬರೂ ಎದುರು ಬದುರು ಕೂತು ಉಂಡರು. ನಡುವೆ ಒಮ್ಮೆ ಹುಡುಗಿ ತಟ್ಟೆಯನ್ನು ಮುಂದಕ್ಕೆ ತಳ್ಳಿ ಒಂದು ಬೆರಳು ತೋರಿಸಿದಳು. ಇನ್ನೊಂದು ಸೌಟು. ಕೀರಲಕ್ಕ ಬಡಿಸಿದಳು.